ಬೂಟ್ ಆಗುವಾಗ ನೆಟ್‌ವರ್ಕ್ ಡ್ರೈವರ್ ಹತ್ತಿರ ನಿಂತುಬಿಡುತ್ತದೆ, ಮದರ್‌ಬೋರ್ಡ್ ಬದಲಿಸಬೇಕಾ?

ಪ್ರಶ್ನೆ: ಸರ್, ಶಿವಮೊಗ್ಗದಲ್ಲಿ ನಮ್ಮದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಒಂದೇ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10 ಮತ್ತು ಉಬುಂಟು 22.04 ಎರಡೂ ಹಾಕಿಕೊಂಡಿದ್ದೇನೆ. ನುಡಿಯಲ್ಲಿ ಟೈಪಿಂಗ್ ಎಲ್ಲ ವಿಂಡೋಸ್‌ನಲ್ಲಿ, ಉಳಿದ ಕೆಲಸ ಉಬುಂಟುವಿನಲ್ಲಿ. ಮೂರು ತಿಂಗಳಿಂದ ಉಬುಂಟು ಆನ್ ಆಗುವಾಗ ನಿಂತುಬಿಡುತ್ತಿದೆ. ಕರೆಂಟ್ ಇಲ್ಲದ ಬೆಳಿಗ್ಗೆ ಎರಡು ನಿಮಿಷ ಕಾಯಿಸಿ ಆಮೇಲೆ ಆನ್ ಆಗುತ್ತದೆ. ಇನ್ನು ಕೆಲವು ದಿನ, ಹಿಂದಿನ ರಾತ್ರಿ ವಿಂಡೋಸ್‌ನಿಂದ ಶಟ್‌ಡೌನ್ ಮಾಡಿದ್ದರೆ, ಅರ್ಧ ಗಂಟೆ ಬಿಟ್ಟರೂ ಅಲ್ಲಾಡುವುದಿಲ್ಲ. ಸಿಪಿಯು ಹಿಂದಿನ ಪವರ್ ಕೇಬಲ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಸರಿಯಾಗುತ್ತದೆ. ವಿಂಡೋಸ್‌ನಿಂದ ರೀಸ್ಟಾರ್ಟ್ ಮಾಡಿ ಉಬುಂಟುಗೆ ಬಂದರೆ ತೊಂದರೆಯೇ ಇಲ್ಲ. ಸ್ಕ್ರೀನ್ ಮೇಲೆ ಕೊನೆಗೆ ಕಾಣುವ ಸಾಲು ನೆಟ್‌ವರ್ಕ್ ಡ್ರೈವರ್‌ನದ್ದು. ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ ಅಂದರು. ಸ್ನೇಹಿತರ ಮಾತು ಕೇಳಿ ಉಬುಂಟು ಹೊಸದಾಗಿ ಹಾಕಿದೆ, ಏನೂ ಬದಲಾಗಲಿಲ್ಲ. ಕಂಪ್ಯೂಟರ್ ಯುಪಿಎಸ್ ಮೇಲಿದೆ, ರೂಟರ್ ಇಲ್ಲ. ಪ್ರಿಂಟರ್ ಶೇರ್ ಮಾಡಲು ಫಿಕ್ಸೆಡ್ ಐಪಿ ಬೇಕಿತ್ತು, ಅದಕ್ಕೆ ಒಂದು ನೆಟ್‌ಪ್ಲಾನ್ ಫೈಲ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಫೈಲ್) ಬರೆದಿದ್ದೇನೆ, ಹೊಸದಾಗಿ ಹಾಕಿದ ಮೇಲೂ ಅದೇ ಫೈಲ್ ಕಾಪಿ ಮಾಡಿದೆ. ಗಿರಾಕಿಗಳ ಫೈಲ್‌ಗಳು ಹೋಗಿಬಿಡುತ್ತವಾ ಅನ್ನೋದೇ ಭಯ. ಏನು ಮಾಡಲಿ?

ಉತ್ತರ: ಮೊದಲು ಭಯದ ಮಾತು ಮುಗಿಸೋಣ. ನೆಟ್‌ವರ್ಕ್ ಡ್ರೈವರ್, ಅಂದರೆ ನೆಟ್‌ವರ್ಕ್ ಚಿಪ್ ನಡೆಸುವ ಪ್ರೋಗ್ರಾಂ, ನಿಂತುಹೋದರೆ ನಿಮ್ಮ ಫೈಲ್‌ಗಳು ಹೋಗುವುದಿಲ್ಲ. ಡಿಸ್ಕ್‌ಗೂ ಆ ಚಿಪ್‌ಗೂ ಸಂಬಂಧ ಇಲ್ಲ. ಅಪಾಯ ಇರುವುದು ಬೇರೆ ಕಡೆ: ನಿಂತಾಗಲೆಲ್ಲ ಪವರ್ ಕೀಳುತ್ತೀರಲ್ಲ, ಅದರಲ್ಲಿ. ಉಬುಂಟುವಿನ ಫೈಲ್ ಸಿಸ್ಟಮ್ ಇಂಥ ಏಟು ತಡೆದುಕೊಳ್ಳುವ ಹಾಗೆ ಕಟ್ಟಿದ್ದು ನಿಜ, ಆದರೂ ದಿನಾ ಪರೀಕ್ಷೆ ಮಾಡುವುದು ಬೇಡ. ಇವತ್ತೇ ಒಂದು ಪೆನ್‌ಡ್ರೈವ್‌ಗೋ ಹಾರ್ಡ್ ಡಿಸ್ಕ್‌ಗೋ ಗಿರಾಕಿಗಳ ಫೈಲ್ ಕಾಪಿ ಮಾಡಿ ಇಟ್ಟು, ಆಮೇಲೆ ಮುಂದೆ ಓದಿ.

ಇನ್ನೊಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಹಾಕಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಒಂದೇ ತೊಂದರೆ ಅಂದುಕೊಂಡು ಬರೆದಿದ್ದೀರಿ, ನನಗೆ ಎರಡು ಕಾಣುತ್ತಿವೆ. ಎರಡು ನಿಮಿಷ ಕಾಯಿಸಿ ಮುಂದೆ ಹೋಗುವುದು ಒಂದು. ಅರ್ಧ ಗಂಟೆ ಆದರೂ ಬಿಡದೇ ಇರುವುದು ಇನ್ನೊಂದು. ಎರಡೂ ನೆಟ್‌ವರ್ಕ್ ಹತ್ತಿರವೇ ನಿಲ್ಲುವುದರಿಂದ ಒಂದೇ ಅನ್ನಿಸುತ್ತದೆ, ಅಷ್ಟೆ. ಬೂಟ್ ನಿಂತಿದೆ ಅಂದರೆ ಬಹುಪಾಲು ಯಾರೋ ಯಾರಿಗಾಗಿಯೋ ಕಾಯುತ್ತಿದ್ದಾರೆ ಅಂತ ಅರ್ಥ. ಯಾರು, ಯಾರಿಗಾಗಿ, ಎಷ್ಟು ಹೊತ್ತು ಅಂತ ಗೊತ್ತಾಗುವ ತನಕ ಒಂದು ಸ್ಕ್ರೂ ಕೂಡ ಬಿಚ್ಚಬಾರದು ಅನ್ನುವವನು ನಾನು.

ಎರಡು ನಿಮಿಷದ್ದನ್ನು ಮೊದಲು ನೋಡೋಣ, ಅದು ಸುಲಭ. ಎರಡು ನಿಮಿಷ ಅಂದರೆ 120 ಸೆಕೆಂಡ್. ಈ ಸಂಖ್ಯೆ ನೋಡಿದ ಕೂಡಲೇ ನಮ್ಮ ಕೆಲಸದವರಿಗೆ ಹೊಳೆಯುವುದು ಒಂದೇ ಹೆಸರು, ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ-ವೇಟ್-ಆನ್‌ಲೈನ್. ನೆಟ್‌ವರ್ಕ್ ಬರುವ ತನಕ ಬೂಟ್ ತಡೆದು ಹಿಡಿಯುವುದೇ ಇದರ ಕೆಲಸ, ಸುಮ್ನೆ ಬಿಟ್ಟರೆ 120 ಸೆಕೆಂಡ್ ಕಾದು ಕೈಬಿಡುತ್ತದೆ. ಸ್ಕ್ರೀನ್ ಮೇಲೆ 'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಅಂತ ಶುರುವಾಗುವ ಸಾಲು, ಪಕ್ಕದಲ್ಲಿ ಸೆಕೆಂಡ್ ಏರುತ್ತಾ ಹೋಗುವುದು ಕಾಣುತ್ತದೆ. ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ನೆಟ್‌ವರ್ಕ್ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. ನೀವು ಬರೆದ ನೆಟ್‌ಪ್ಲಾನ್ ಫೈಲ್‌ನಲ್ಲಿ ರೆಂಡರರ್ (ನೆಟ್‌ವರ್ಕ್ ಯಾರು ನೋಡಿಕೊಳ್ಳಬೇಕು ಅನ್ನುವ) ಜಾಗದಲ್ಲಿ ನೆಟ್‌ವರ್ಕ್‌ಡಿ ಅಂತ ಇರಬಹುದು ನೋಡಿ. ಸರ್ವರ್‌ಗಳಿಗೆ ಬರೆದ ಉದಾಹರಣೆಗಳನ್ನು ಕಾಪಿ ಮಾಡಿದರೆ ಹೀಗಾಗುತ್ತದೆ.

ಈಗ ಕರೆಂಟ್ ಇಲ್ಲದ ಬೆಳಿಗ್ಗೆ ಏನಾಗುತ್ತದೆ? ಕಂಪ್ಯೂಟರ್‌ಗೆ ಯುಪಿಎಸ್ ಇದೆ, ರೂಟರ್‌ಗೆ ಇಲ್ಲ. ಕೇಬಲ್ ಸಿಕ್ಕಿಸಿದ್ದರೂ ಆ ತುದಿಯಲ್ಲಿ ಜೀವ ಇಲ್ಲ. ಡ್ರೈವರ್ ತನ್ನ ಕೆಲಸ ಮುಗಿಸಿ ಆಗಿದೆ, ಚಿಪ್ ಕೂಡ ಚೆನ್ನಾಗಿದೆ, ಲಿಂಕ್ ಮಾತ್ರ ಬರುತ್ತಿಲ್ಲ. ವೇಟ್-ಆನ್‌ಲೈನ್ ಪಾಪ ಕಾಯುತ್ತಾ ಕೂರುತ್ತದೆ. ವರ್ಷಗಳ ಹಿಂದೆ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಇದೇ ಕತೆ ನೋಡಿದ್ದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಸಾಲಾಗಿ ಎಲ್ಲ ಸಿಸ್ಟಮ್‌ಗಳೂ ನಿಲ್ಲುತ್ತಿದ್ದವು, ನಾಲ್ಕೈದಕ್ಕೆ ನೆಟ್‌ವರ್ಕ್ ಕಾರ್ಡ್ ಕೂಡ ಬದಲಿಸಿಬಿಟ್ಟಿದ್ದರು. ಕಾರಣ ನೋಡಿದರೆ, ರೂಮಿನ ನೆಟ್‌ವರ್ಕ್ ಸ್ವಿಚ್ ಕಂಪ್ಯೂಟರ್‌ಗಳಿಗಿಂತ ನಿಧಾನವಾಗಿ ಏಳುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು, ಹೀಗೆ ನಿಧಾನವಾಗಿ ಆನ್ ಆದ ದಿನ ಟರ್ಮಿನಲ್‌ನಲ್ಲಿ ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್ ಅಂತ ಹೊಡೆಯಿರಿ. ಯಾವುದು ಎಷ್ಟು ಹೊತ್ತು ತಿಂದಿದೆ ಅಂತ ಪಟ್ಟಿ ಬರುತ್ತದೆ. ಮೇಲಿನ ಸಾಲಿನಲ್ಲೇ ಎರಡು ನಿಮಿಷ ಕಂಡರೆ ಮಾತು ಮುಗಿಯಿತು.

ಪರಿಹಾರ ಹೇಗೆ ಬೇಕಾದರೂ ಮಾಡಬಹುದು. ನೆಟ್‌ಪ್ಲಾನ್ ಫೈಲ್‌ನಲ್ಲಿ ಆ ಇಂಟರ್‌ಫೇಸ್ (ನೆಟ್‌ವರ್ಕ್ ಪೋರ್ಟ್) ಹೆಸರಿನ ಕೆಳಗೆ ಆಪ್ಷನಲ್: ಟ್ರೂ ಅಂತ ಒಂದು ಸಾಲು ಸೇರಿಸಿದರೆ ಬೂಟ್ ಅದಕ್ಕಾಗಿ ಕಾಯುವುದಿಲ್ಲ. ಬದಲಿಸಿದ ಮೇಲೆ ನೇರ ಅಪ್ಲೈ ಮಾಡುವ ಬದಲು ನೆಟ್‌ಪ್ಲಾನ್ ಟ್ರೈ ಕೊಡಿ, ತಪ್ಪಾಗಿದ್ದು ನೀವು ಎಂಟರ್ ಒತ್ತದಿದ್ದರೆ 120 ಸೆಕೆಂಡ್‌ಗೆ ತಾನೇ ಹಳೆಯದಕ್ಕೆ ಮರಳುತ್ತದೆ. ನನ್ನನ್ನು ಕೇಳಿದರೆ ಆ ಫೈಲೇ ತೆಗೆದು, ರೂಟರ್‌ನಲ್ಲೇ ನಿಮ್ಮ ಕಂಪ್ಯೂಟರ್‌ಗೆ ಒಂದು ಐಪಿ ರಿಸರ್ವ್ ಮಾಡಿಬಿಡಿ, ಪ್ರಿಂಟರ್ ಶೇರಿಂಗ್‌ಗೆ ಅಷ್ಟು ಸಾಕು. ವೇಟ್-ಆನ್‌ಲೈನ್ ಅನ್ನೇ ಮಾಸ್ಕ್ ಮಾಡಿ (ಶುರುವೇ ಆಗದಂತೆ ತಡೆಯಿರಿ) ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ಅದೂ ಕೆಲಸ ಮಾಡುತ್ತದೆ. ಆದರೆ ಬೇರೆ ಕಂಪ್ಯೂಟರ್‌ನ ಫೋಲ್ಡರ್ ಬೂಟ್ ಆಗುವಾಗಲೇ ಮೌಂಟ್ ಆಗಬೇಕಿದ್ದರೆ ಅದು ನೆಟ್‌ವರ್ಕ್ ಬರುವ ಮೊದಲೇ ಓಡಿ ಸೋಲಬಹುದು, ಅದನ್ನು ನೋಡಿಕೊಳ್ಳಿ.

ಇನ್ನು ನಿಜವಾದ ತಲೆನೋವು, ಅರ್ಧ ಗಂಟೆಯದ್ದು.

ಇಲ್ಲೊಂದು ನಂಬಿಕೆ ಬಿಡಿಸಬೇಕು. ಸ್ಕ್ರೀನ್ ಮೇಲೆ ಕೊನೆಗೆ ಕಂಡ ಸಾಲೇ ಕಳ್ಳ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೊನೆಯ ಸಾಲು ಹೇಳುವುದು ಏನೋ ಒಂದು ಆಯಿತು ಅಂತ. ಅದರ ನಂತರ ಶುರುವಾಗಿ, ಬಾಯಿ ಬಿಡುವ ಮೊದಲೇ ಸಿಕ್ಕಿಕೊಂಡದ್ದು ಸ್ಕ್ರೀನ್ ಮೇಲೆ ಬಂದೇ ಇರುವುದಿಲ್ಲ. ಅದೂ ಅಲ್ಲದೆ ಈಗಿನ ಬೂಟ್‌ನಲ್ಲಿ ಡ್ರೈವರ್‌ಗಳು ಒಂದರ ಹಿಂದೆ ಒಂದು ಬರುವುದಿಲ್ಲ, ಹತ್ತಾರು ಒಟ್ಟಿಗೇ ಲೋಡ್ ಆಗುತ್ತವೆ. ನಾನು ಒಮ್ಮೆ ಎರಡು ದಿನ ನೆಟ್‌ವರ್ಕ್ ಡ್ರೈವರ್ ಹಿಂದೆ ಬಿದ್ದಿದ್ದೆ, ಕೊನೆಗೆ ಸಿಕ್ಕಿಬಿದ್ದದ್ದು ಗ್ರಾಫಿಕ್ಸ್ ಡ್ರೈವರ್. ಅವತ್ತಿನಿಂದ ಸಾಕ್ಷಿ ಇಲ್ಲದೆ ಯಾವ ಡ್ರೈವರ್ ಮೇಲೂ ಬೆರಳು ತೋರಿಸುವುದಿಲ್ಲ.

ಸಾಕ್ಷಿ ಹುಡುಕುವುದು ಹೀಗೆ. ಮುಂದಿನ ಸಲ ನಿಂತಾಗ ಪವರ್ ಕೇಬಲ್‌ಗೆ ಕೈ ಹಾಕಬೇಡಿ, ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ ಅದರ ಲೈಟ್ ನೋಡಿ. ನೀವು ಒತ್ತಿದಂತೆ ಲೈಟ್ ಹತ್ತಿ ಆರುತ್ತಿದ್ದರೆ ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನಲ್ ಬದುಕಿದೆ, ಒಳಗೆ ಯಾವುದೋ ಒಂದು ಕೆಲಸ ಮಾತ್ರ ಸಿಕ್ಕಿಕೊಂಡಿದೆ. ಲೈಟ್ ಅಲ್ಲಾಡದೇ ಇದ್ದರೆ ಇಡೀ ಯಂತ್ರವೇ ಹೆಪ್ಪುಗಟ್ಟಿದೆ, ಅಂದರೆ ಪ್ರೊಸೆಸರ್ ಯಾವುದೋ ಚಿಪ್‌ನಿಂದ ಏನೋ ಓದಲು ಹೋಗಿ ಉತ್ತರವೇ ಬರದೆ ನಿಂತಿರುವ ಸಾಧ್ಯತೆ ಜಾಸ್ತಿ. ಈ ಒಂದು ಲೈಟ್ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಕರ್ನಲ್ ಬದುಕಿದ್ದರೆ ಇನ್ನೂ ಒಂದು ಐದು ನಿಮಿಷ ಹಾಗೇ ಬಿಡಿ. ಲಿನಕ್ಸ್‌ನಲ್ಲಿ ಕಾವಲುಗಾರರಿದ್ದಾರೆ. ಒಂದು ಕೆಲಸ ಪ್ರೊಸೆಸರ್ ಬಿಟ್ಟುಕೊಡದೆ ಸುತ್ತುತ್ತಲೇ ಇದ್ದರೆ ಇಪ್ಪತ್ತು ಸೆಕೆಂಡ್ ದಾಟುತ್ತಿದ್ದಂತೆ ಸಾಫ್ಟ್ ಲಾಕಪ್ ಅಂತ ಕೂಗುತ್ತಾರೆ. ಒಂದು ಕೆಲಸ ಎಬ್ಬಿಸಲು ಬಾರದ ನಿದ್ದೆಯಲ್ಲಿ 120 ಸೆಕೆಂಡ್ ದಾಟಿದರೆ, ಇಂಥ ಟಾಸ್ಕ್ 120 ಸೆಕೆಂಡ್‌ಗಿಂತ ಜಾಸ್ತಿ ಬ್ಲಾಕ್ ಆಗಿದೆ ಅಂತ ಬರೆದು, ಕೆಳಗೆ ಅದು ಯಾವ ಫಂಕ್ಷನ್‌ನಲ್ಲಿ ಕೂತಿದೆ ಅಂತ ಪಟ್ಟಿ ಕೊಡುತ್ತಾರೆ. ಅವರು ಸುತ್ತು ಹೊಡೆಯುವ ಲೆಕ್ಕದಲ್ಲಿ ಇದು ನಾಲ್ಕು ನಿಮಿಷದವರೆಗೂ ತಡವಾಗಬಹುದು. ಎಷ್ಟೋ ಜನ ಒಂದು ನಿಮಿಷಕ್ಕೇ ಪವರ್ ಬಟನ್ ಒತ್ತಿಬಿಡುತ್ತಾರೆ, ಕರ್ನಲ್ ಹೇಳಬೇಕಿದ್ದ ಮಾತು ಗಂಟಲಲ್ಲೇ ಉಳಿಯುತ್ತದೆ.

ಆದರೆ ಆ ಮಾತು ಕಾಣಬೇಕಾದರೆ ಪರದೆ ಸರಿಸಬೇಕು. ಕಂಪ್ಯೂಟರ್ ಆನ್ ಆದ ಕೂಡಲೇ ಬರುವ ಗ್ರಬ್ ಮೆನುವಿನಲ್ಲಿ ಉಬುಂಟು ಸಾಲಿನ ಮೇಲೆ ನಿಂತು ಇ ಒತ್ತಿ. ಲಿನಕ್ಸ್ ಅಂತ ಶುರುವಾಗುವ ಉದ್ದ ಸಾಲು ಹುಡುಕಿ. ಅದರ ಕೊನೆಯಲ್ಲಿ ಕ್ವೈಟ್ ಸ್ಪ್ಲ್ಯಾಶ್ ಅಂತ ಎರಡು ಪದ ಇರುತ್ತವೆ, ಅವನ್ನು ಅಳಿಸಿ, ಆ ಜಾಗದಲ್ಲಿ ಇನಿಟ್‌ಕಾಲ್ ಅಂಡರ್‌ಸ್ಕೋರ್ ಡಿಬಗ್, ಒಂದು ಸ್ಪೇಸ್, ಇಗ್ನೋರ್ ಅಂಡರ್‌ಸ್ಕೋರ್ ಲಾಗ್‌ಲೆವೆಲ್, ಮತ್ತೊಂದು ಸ್ಪೇಸ್, ಸಿಸ್‌ಆರ್‌ಕ್ಯು ಅಂಡರ್‌ಸ್ಕೋರ್ ಆಲ್ವೇಸ್ ಅಂಡರ್‌ಸ್ಕೋರ್ ಎನೇಬಲ್ಡ್ ಬರೆದು ಎಫ್10 ಒತ್ತಿ. ಹೆದರಬೇಡಿ, ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ, ಮುಂದಿನ ಸಲ ಮೊದಲಿನಂತೆಯೇ ಇರುತ್ತದೆ.

ಈಗ ಸ್ಕ್ರೀನ್ ತುಂಬ ಸಾಲುಗಳು ಓಡುತ್ತವೆ. ಮೊಬೈಲ್‌ನಲ್ಲಿ ವಿಡಿಯೋ ಹಿಡಿಯಿರಿ, ಆಮೇಲೆ ನಿಧಾನವಾಗಿ ನೋಡಬಹುದು. ಪ್ರತಿ ಡ್ರೈವರ್‌ಗೂ ಎರಡು ಸಾಲು ಇರಬೇಕು: ಶುರುವಾಗುವಾಗ ಕಾಲಿಂಗ್ ಅಂತ ಒಂದು, ಮುಗಿದಾಗ ಇಷ್ಟು ಮೈಕ್ರೋಸೆಕೆಂಡ್ ಆಯಿತು ಅಂತ ಇನ್ನೊಂದು. ಕಾಲಿಂಗ್ ಇದ್ದು ಮುಗಿದ ಸಾಲು ಇಲ್ಲದ ಹೆಸರು ಯಾವುದು? ಮದುವೆ ಮನೆಯಲ್ಲಿ ಒಳಗೆ ಹೋದವರ ಚಪ್ಪಲಿ ಹೊರಗೇ ಉಳಿದ ಹಾಗೆ, ಅದು ಇನ್ನೂ ಒಳಗೇ ಇದೆ. ನಿಂತ ಮೇಲೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಒಟ್ಟಿಗೆ ಹಿಡಿದು ಡಬ್ಲ್ಯು ಒತ್ತಿದರೆ, ಸಿಕ್ಕಿಕೊಂಡ ಕೆಲಸಗಳ ಪಟ್ಟಿ ಅಲ್ಲೇ ಬರುತ್ತದೆ. ಅದರದ್ದೂ ಒಂದು ಫೋಟೋ. ಎಲ್ಲ ಆದ ಮೇಲೆ ಪವರ್ ಕೀಳುವ ಬದಲು ಆ ಎರಡು ಕೀ ಹಿಡಿದೇ ಎಸ್, ಯು, ಬಿ ಒಂದಾದ ಮೇಲೊಂದು, ನಡುವೆ ಎರಡು ಸೆಕೆಂಡ್ ಬಿಟ್ಟು ಒತ್ತಿ. ಎಸ್ ಡಿಸ್ಕ್‌ಗೆ ಬರೆಯಬೇಕಾದ್ದನ್ನು ಬರೆಯುತ್ತದೆ, ಯು ಡಿಸ್ಕ್ ಅನ್ನು ಓದಲು ಮಾತ್ರ ಅನ್ನುವ ಸ್ಥಿತಿಗೆ ತರುತ್ತದೆ, ಬಿ ರೀಬೂಟ್ ಮಾಡುತ್ತದೆ. ನಿಮ್ಮ ಫೈಲ್‌ಗಳಿಗೆ ಇದೇ ಒಳ್ಳೆಯದು.

ನೆಟ್‌ಕನ್ಸೋಲ್ ಹಾಕಿ ಲಾಗ್ ಅನ್ನು ಇನ್ನೊಂದು ಕಂಪ್ಯೂಟರ್‌ಗೆ ಕಳಿಸಿ ಅಂತ ಯಾರಾದರೂ ಹೇಳಿದರೆ ಇಲ್ಲಿ ಅದು ನಡೆಯುವುದಿಲ್ಲ, ಅದು ಹೋಗಬೇಕಾದ್ದೇ ಆ ನೆಟ್‌ವರ್ಕ್ ಚಿಪ್ ಮೂಲಕ ಅಲ್ವಾ. ಹಿಂದಿನ ಬೂಟ್‌ನ ಜರ್ನಲ್ (ಸಿಸ್ಟಮ್ ಬರೆದಿಡುವ ದಾಖಲೆ) ನೋಡುವುದೂ ಅರ್ಧ ಉಪಯೋಗ, ನಿಲ್ಲುವ ಕೊನೆಯ ಕ್ಷಣಗಳು ಡಿಸ್ಕ್‌ಗೆ ಬರೆದಿರುವುದೇ ಇಲ್ಲ. ಮೊಬೈಲ್ ವಿಡಿಯೋನೇ ವಾಸಿ.

ಇಷ್ಟಕ್ಕೂ ಒಂದು ಚಿಕ್ಕ ಚಿಪ್ ಇಡೀ ಬೂಟ್ ನಿಲ್ಲಿಸುವುದು ಹೇಗೆ? ಡ್ರೈವರ್ ಶುರುವಾದಾಗ ಮೊದಲ ಕೆಲಸ ಚಿಪ್‌ಗೆ ರೀಸೆಟ್ ಆಗು ಅಂತ ಹೇಳುವುದು. ಒಂದು ಬಿಟ್ ಅನ್ನು 1 ಮಾಡಿ, ಚಿಪ್ ಅದನ್ನು ತಾನೇ 0 ಮಾಡುವ ತನಕ ಮತ್ತೆ ಮತ್ತೆ ಓದುತ್ತದೆ. ಚಿಪ್ ಗಾಢ ನಿದ್ದೆಯಲ್ಲಿದ್ದರೆ ಅಥವಾ ಪ್ರೊಸೆಸರ್ ಜೊತೆ ಮಾತಾಡುವ ದಾರಿಯಾದ ಬಸ್‌ನಿಂದಲೇ ಕಳಚಿಕೊಂಡಿದ್ದರೆ, ಏನು ಓದಿದರೂ ಎಲ್ಲ ಬಿಟ್‌ಗಳೂ 1 ಆಗಿಯೇ ಬರುತ್ತವೆ. 0 ಬರುವುದೇ ಇಲ್ಲ. ಇಷ್ಟು ಸಲ ನೋಡಿ ಬಿಟ್ಟುಬಿಡು ಅನ್ನುವ ಮಿತಿ ಕೋಡ್‌ನಲ್ಲಿ ಇದ್ದರೆ ಎರರ್ ಕೊಟ್ಟು ಮುಂದೆ ಹೋಗುತ್ತದೆ. ಎಲ್ಲೋ ಒಂದು ಕಡೆ ಆ ಮಿತಿ ಮರೆತಿದ್ದರೆ ಅಲ್ಲೇ ಉಳಿಯಿತು. ಅದರ ಮೇಲೆ ಇನ್ನೊಂದು: ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಮುಟ್ಟುವವರೆಲ್ಲ ಹಿಡಿಯಬೇಕಾದ ಒಂದು ದೊಡ್ಡ ಬೀಗ ಇದೆ, ಆರ್‌ಟಿಎನ್‌ಎಲ್ ಅಂತ. ಬೀಗ ಕೈಯಲ್ಲಿ ಹಿಡಿದೇ ಡ್ರೈವರ್ ಸಿಕ್ಕಿಕೊಂಡರೆ ನೆಟ್‌ವರ್ಕ್‌ಮ್ಯಾನೇಜರ್, ಅದರ ಹಿಂದೆ ಅದಕ್ಕೆ ಕಾಯುವ ಸರ್ವಿಸ್‌ಗಳು, ಎಲ್ಲ ಸಾಲಾಗಿ ನಿಲ್ಲುತ್ತವೆ.

ನಿಮ್ಮ ಚಿಪ್ ನಿದ್ದೆಗೆ ಯಾಕೆ ಹೋಗಿದೆ ಅನ್ನುವುದಕ್ಕೆ ಸುಳಿವು ನೀವೇ ಕೊಟ್ಟಿದ್ದೀರಿ. ವಿಂಡೋಸ್ ಶಟ್‌ಡೌನ್ ಆದ ಮೇಲೆ ಮಾತ್ರ ತೊಂದರೆ, ರೀಸ್ಟಾರ್ಟ್ ಆದರೆ ಇಲ್ಲ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಒಂದು ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ತನ್ನ ಒಳಭಾಗವನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್‌ನಲ್ಲಿ ಹೀಗೆ ಮಾಡುವುದಿಲ್ಲ. ಮಲಗುವಾಗ ನೆಟ್‌ವರ್ಕ್ ಚಿಪ್‌ನ ಪವರ್ ಇಳಿಸಿ ಇಟ್ಟಿರುತ್ತದೆ. ನಿಮ್ಮ ಕಂಪ್ಯೂಟರ್ ಯುಪಿಎಸ್ ಮೇಲಿರುವುದರಿಂದ ರಾತ್ರಿಯೆಲ್ಲ ಮದರ್‌ಬೋರ್ಡ್‌ಗೆ ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಲೇ ಇರುತ್ತದೆ, ಚಿಪ್ ಅದೇ ಸ್ಥಿತಿಯಲ್ಲಿ ಉಳಿಯುತ್ತದೆ. ಬೆಳಿಗ್ಗೆ ಉಬುಂಟುವಿನ ಡ್ರೈವರ್ ಬಂದು ಎಬ್ಬಿಸಿದರೆ ಏಳುವುದಿಲ್ಲ. ನೀವು ಪವರ್ ಕೇಬಲ್ ಕಿತ್ತಾಗ ಸ್ಟ್ಯಾಂಡ್‌ಬೈ ಕೂಡ ಹೋಗಿ ಚಿಪ್ ಮೊದಲಿನಿಂದ ಶುರುವಾಗುತ್ತದೆ. ಅದಕ್ಕೇ ಸರಿಹೋಗುತ್ತದೆ. ಉಬುಂಟು ಹೊಸದಾಗಿ ಹಾಕಿದ್ದರಿಂದ ಏನೂ ಬದಲಾಗದೇ ಇದ್ದದ್ದೂ ಇದಕ್ಕೇ.

ಇದನ್ನು ಕಣ್ಣಾರೆ ನೋಡಬಹುದು. ರೂಟರ್ ಆನ್ ಇರಲಿ. ಒಂದು ರಾತ್ರಿ ಉಬುಂಟುವಿನಿಂದ ಶಟ್‌ಡೌನ್ ಮಾಡಿ, ಸಿಪಿಯು ಹಿಂದೆ ಬಗ್ಗಿ ಲ್ಯಾನ್ ಪೋರ್ಟ್‌ನ ಚಿಕ್ಕ ಲೈಟ್ ನೋಡಿ. ಇನ್ನೊಂದು ರಾತ್ರಿ ವಿಂಡೋಸ್‌ನಿಂದ ಶಟ್‌ಡೌನ್ ಮಾಡಿ ನೋಡಿ. ಮೊದಲನೆಯದರಲ್ಲಿ ಲೈಟ್ ಇದ್ದು ಎರಡನೆಯದರಲ್ಲಿ ಪೂರ್ತಿ ಆರಿದ್ದರೆ, ಚಿಪ್ ಮಲಗಿಸಿದ್ದು ಯಾರು ಅಂತ ತಿಳಿಯಿತು.

ಹಾಗಾದರೆ ಮೊದಲು ಮಾಡಬೇಕಾದ್ದು ಖರ್ಚಿಲ್ಲದ ಕೆಲಸ. ವಿಂಡೋಸ್‌ನ ಕಂಟ್ರೋಲ್ ಪ್ಯಾನಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅನ್ನುವ ಜಾಗದಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಟಿಕ್ ತೆಗೆಯಿರಿ. ವಿಂಡೋಸ್ ಆನ್ ಆಗುವುದು ಸ್ವಲ್ಪ ನಿಧಾನ ಆಗಬಹುದು, ಇಷ್ಟೇ ನಷ್ಟ. ಎರಡು ಓಎಸ್ ಇರುವ ಕಂಪ್ಯೂಟರ್‌ನಲ್ಲಿ ಇದನ್ನು ಹೇಗೂ ತೆಗೆಯಲೇಬೇಕು, ಯಾಕೆಂದರೆ ಅರ್ಧ ಮಲಗಿದ ವಿಂಡೋಸ್ ಡ್ರೈವ್‌ಗೆ ಉಬುಂಟುವಿನಿಂದ ಬರೆದರೆ ಫೈಲ್ ಕೆಡಬಹುದು. ನಿಮ್ಮ ನುಡಿ ಫೈಲ್‌ಗಳಿಗೆ ನಿಜವಾದ ಅಪಾಯ ಇಲ್ಲಿದೆ ನೋಡಿ. ಒಂದೇ ದಿನ ಪರೀಕ್ಷಿಸಬೇಕಾದರೆ ಶಿಫ್ಟ್ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ, ಆ ಸಲಕ್ಕೆ ಪೂರ್ತಿ ಮುಚ್ಚುತ್ತದೆ. ಅದರಿಂದಲೂ ಹೋಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ಅಡ್ವಾನ್ಸ್ಡ್ ಪಟ್ಟಿ ತೆಗೆದು, ಶಟ್‌ಡೌನ್ ವೇಕ್ ಆನ್ ಲ್ಯಾನ್ ಅನ್ನುವುದಿದ್ದರೆ ಎನೇಬಲ್ ಮಾಡಿ. ಉಲ್ಟಾ ಅನ್ನಿಸುತ್ತದೆ, ಆದರೆ ಎನೇಬಲ್ ಇದ್ದರೆ ವಿಂಡೋಸ್ ಚಿಪ್‌ನ ಪವರ್ ಪೂರ್ತಿ ತೆಗೆಯುವುದಿಲ್ಲ.

ಇಷ್ಟಾದರೂ ನಿಂತರೆ, ಗ್ರಬ್ ಸಾಲಿನಲ್ಲಿ ಮೋಡ್‌ಪ್ರೋಬ್ ಡಾಟ್ ಬ್ಲ್ಯಾಕ್‌ಲಿಸ್ಟ್, ಈಕ್ವಲ್ ಚಿಹ್ನೆ, ಡ್ರೈವರ್ ಹೆಸರು ಕೊಟ್ಟು ಒಂದು ಸಲ ಬೂಟ್ ಮಾಡಿ. ಹೆಸರು ಎಲ್‌ಎಸ್‌ಪಿಸಿಐ ಮೈನಸ್ ಕೆ ಕೊಟ್ಟರೆ ಸಿಗುತ್ತದೆ. ನೆಟ್ ಇರುವುದಿಲ್ಲ, ಆದರೆ ಕಂಪ್ಯೂಟರ್ ಆನ್ ಆದರೆ ಗುರಿ ಸರಿ ಇದೆ. ಡ್ರೈವರ್ ಕೆಟ್ಟದ್ದು ಅಂತಲ್ಲ, ಆ ಚಿಪ್ ಮುಟ್ಟಿದರೆ ನಿಲ್ಲುತ್ತದೆ ಅಂತ ಮಾತ್ರ.

ಆಗ ಪಿಸಿಐಇ ಎಎಸ್‌ಪಿಎಂ ಆಫ್ ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಎಎಸ್‌ಪಿಎಂ ಅಂದರೆ ಕೆಲಸ ಇಲ್ಲದಾಗ ಪ್ರೊಸೆಸರ್‌ಗೂ ಚಿಪ್‌ಗೂ ನಡುವಿನ ಲಿಂಕ್ ಅನ್ನು ಮಲಗಿಸಿ ಕರೆಂಟ್ ಉಳಿಸುವುದು. ಇದರಿಂದ ತೊಂದರೆ ಆಗುವುದು ನಿಜವೇ. ಡೆಸ್ಕ್‌ಟಾಪ್‌ಗಳಲ್ಲಿ ತುಂಬ ಕಾಣುವ ಆರ್8169 ಡ್ರೈವರ್‌ನಲ್ಲಿ ಇದನ್ನು ಒಮ್ಮೆ ಆನ್ ಮಾಡಿ ನೋಡಿದರು, ಬೂಟ್ ಆಗುವುದೇ ಇಲ್ಲ ಅನ್ನುವ ತನಕ ದೂರು ಬಂದು 2019ರಲ್ಲಿ ಮತ್ತೆ ಆಫ್ ಮಾಡಿದರು. ಆದರೆ ಪಿಸಿಐಇ ಅಂಡರ್‌ಸ್ಕೋರ್ ಎಎಸ್‌ಪಿಎಂ ಈಕ್ವಲ್ ಆಫ್ ಅನ್ನುವುದರ ಅರ್ಥವನ್ನೇ ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಅದು ಎಎಸ್‌ಪಿಎಂ ಆಫ್ ಮಾಡುವುದಿಲ್ಲ. ಕರ್ನಲ್ ಅದನ್ನು ಮುಟ್ಟಬೇಡ, ಬಯಾಸ್ (ಮದರ್‌ಬೋರ್ಡ್‌ನಲ್ಲೇ ಇರುವ, ಎಲ್ಲಕ್ಕಿಂತ ಮೊದಲು ಓಡುವ ಪ್ರೋಗ್ರಾಂ) ಹೇಗೆ ಇಟ್ಟಿದೆಯೋ ಹಾಗೆ ಬಿಡು ಅಂತ ಅರ್ಥ. ಬಯಾಸ್ ಅದನ್ನು ಆನ್ ಮಾಡಿ ಕೊಟ್ಟಿದ್ದರೆ ಆನ್ ಆಗಿಯೇ ಉಳಿಯುತ್ತದೆ. ನಿಜವಾಗಿ ಆಫ್ ಮಾಡಬೇಕಾದರೆ ಬಯಾಸ್ ಸೆಟ್ಟಿಂಗ್‌ನಲ್ಲೇ ಆಫ್ ಮಾಡಿ, ಇಲ್ಲವೇ ಪಿಸಿಐಇ ಅಂಡರ್‌ಸ್ಕೋರ್ ಎಎಸ್‌ಪಿಎಂ ಡಾಟ್ ಪಾಲಿಸಿ ಈಕ್ವಲ್ ಪರ್ಫಾರ್ಮೆನ್ಸ್ ಕೊಡಿ. ನಿಮ್ಮ ಡೆಸ್ಕ್‌ಟಾಪ್‌ಗೆ ಇದರಿಂದ ನಷ್ಟ ಇಲ್ಲ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ ನೋಡುವುದೂ ಒಳ್ಳೆಯ ಪರೀಕ್ಷೆ. ಹಳೆಯದರಲ್ಲಿ ಸರಿ ಇದ್ದರೆ ಕೆಲವು ವಾರ ಅದರಲ್ಲೇ ಇರಬಹುದು, ವರ್ಷಗಟ್ಟಲೆ ಬೇಡ, ಸೆಕ್ಯುರಿಟಿ ಅಪ್‌ಡೇಟ್ ಸಿಗುವುದಿಲ್ಲ. ಚಿಪ್ ಕಂಪನಿಯ ಡ್ರೈವರ್ ಹೊರಗಿನಿಂದ ಹಾಕುವುದನ್ನು ನಾನು ಕೊನೆಗೆ ಇಡುತ್ತೇನೆ, ಕರ್ನಲ್ ಅಪ್‌ಡೇಟ್ ಆದಾಗ ಅದು ಕಂಪೈಲ್ ಆಗದೆ ಕೈಕೊಡುವುದುಂಟು, ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರ್ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಸಹಿ ಹಾಕುವ ತಾಪತ್ರಯ ಬೇರೆ. ಬಯಾಸ್ ಅಪ್‌ಡೇಟ್‌ನಿಂದ ಕೆಲವು ಸಲ ಇಂಥದ್ದು ಪೂರ್ತಿ ಹೋಗುತ್ತದೆ, ಆದರೆ ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಯುಪಿಎಸ್ ಬ್ಯಾಟರಿ ಚೆನ್ನಾಗಿದೆ ಅಂತ ಖಾತ್ರಿ ಇದ್ದರೆ ಮಾತ್ರ ಕೈ ಹಾಕಿ.

ರಿಪೇರಿಯವರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮಲೆನಾಡಿನ ಕಡೆ ಏಪ್ರಿಲ್, ಮೇ ಗುಡುಗು ಸಿಡಿಲಿಗೆ ಉದ್ದದ ಲ್ಯಾನ್ ಕೇಬಲ್ ಮೂಲಕ ಏಟು ಬಿದ್ದು ನೆಟ್‌ವರ್ಕ್ ಚಿಪ್ ಹೋಗುತ್ತದೆ. ಆದರೆ ಹಾಗೆ ಸುಟ್ಟ ಚಿಪ್ ವಿಂಡೋಸ್‌ನಲ್ಲೂ ಕಾಟ ಕೊಡುತ್ತಿತ್ತು, ರೀಸ್ಟಾರ್ಟ್ ಮಾಡಿದರೆ ಸರಿ, ಶಟ್‌ಡೌನ್ ಮಾಡಿದರೆ ಕೆಟ್ಟದ್ದು ಅಂತ ಲೆಕ್ಕ ಇಟ್ಟು ನಡೆಯುತ್ತಿರಲಿಲ್ಲ. ಒಂದು ವೇಳೆ ಚಿಪ್ಪೇ ಹೋಗಿದ್ದರೂ ಮದರ್‌ಬೋರ್ಡ್ ಬದಲಿಸಬೇಕಾಗಿಲ್ಲ. ಬಯಾಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಡಿಸೇಬಲ್ ಮಾಡಿ, ಕೆಲವು ನೂರು ರೂಪಾಯಿಯ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿಕೊಂಡರೆ ಅಂಗಡಿ ನಡೆಯುತ್ತದೆ.

ಇವತ್ತು ಫೈಲ್ ಕಾಪಿ, ಫಾಸ್ಟ್ ಸ್ಟಾರ್ಟ್‌ಅಪ್, ನೆಟ್‌ಪ್ಲಾನ್ ಸಾಲು, ಈ ಮೂರು ಮುಗಿಸಿ. ಒಂದು ವಾರ ರಾತ್ರಿ ವಿಂಡೋಸ್‌ನಿಂದಲೇ ಶಟ್‌ಡೌನ್ ಮಾಡಿ, ಬೆಳಿಗ್ಗೆ ಉಬುಂಟು ಹಾಕಿ ನೋಡಿ. ಮತ್ತೆ ನಿಂತರೆ ಕ್ಯಾಪ್ಸ್ ಲಾಕ್ ಲೈಟ್ ಹೇಗಿತ್ತು ಅನ್ನುವುದನ್ನೂ ಬೂಟ್ ವಿಡಿಯೋವನ್ನೂ ಕಳಿಸಿ, ಅಲ್ಲಿಂದ ಮುಂದೆ ನೋಡೋಣ.